ಗಂಜಲ ಬಿದ್ದ ಹಸಿರು

ಬಿಲ್ಲೆಗಳು ಮತ್ತೆ ಹೆಚ್ಚಾಗಿದ್ದವು. ಬೆಳಗಿನ ಹಾಲು ಕರೆದು ಮುಗಿದ ಮೇಲೆ ಅಂಗಳದ ಸಗಣಿಯನ್ನು ನೀರಿನ ಕೊಳವೆಯಿಂದ ತಳ್ಳುತ್ತಿದ್ದ ಬೆವನ್ ಅತ್ತ ನೋಡಬಾರದು ಅಂದುಕೊಂಡ, ಅಂದುಕೊಳ್ಳುತ್ತಲೇ ನೋಡಿದ. ಕೊರಕಲಿನ ಆಚೆ ಇಳಿಜಾರಿಗೆ ಮೈಚಾಚಿ ಬಿದ್ದಿತ್ತು ಹದಿನೇಳನೇ ಹೊಲ. ಉಳಿದ ಹೊಲಗಳೆಲ್ಲ ಒಂದೇ ಮಗ್ಗದಲ್ಲಿ ನೇಯ್ದ ಹಾಗೆ ಸಮನಾಗಿ ಹಸಿರಾಗಿದ್ದರೆ ಅದೊಂದು ಮಾತ್ರ ಜ್ವರ ಬಿಟ್ಟ ಮುಖದಂತೆ ಬಿಳಿಚಿಕೊಂಡಿತ್ತು. ಆ ಬಿಳಿಚಿನ ಮೇಲೆ ಕಪ್ಪುಹಸಿರಿನ ಬಿಲ್ಲೆಗಳು, ಮೊರದಗಲದವು, ಅಲ್ಲೊಂದು ಇಲ್ಲೊಂದು, ಬೇಲಿಯ ಬದಿಗೆ ಒತ್ತಾಗಿ, ನೀರಿನ ತೊಟ್ಟಿಯ ಸುತ್ತ ಇನ್ನೂ ಒತ್ತಾಗಿ. ಹಸು ಗಂಜಲ ಹೊಯ್ದ ಕಡೆ ಹುಲ್ಲು ಹಾಗೆ ಎದ್ದು ನಿಲ್ಲುತ್ತದೆ. ಇದರಲ್ಲಿ ಗುಟ್ಟೇನಿಲ್ಲ. ಇಡೀ ಹೊಲಕ್ಕೆ ಯೂರಿಯಾ ಬಿದ್ದಿದ್ದರೆ ಬಿಲ್ಲೆಗಳು ಸುತ್ತಲಿನ ಹಸಿರಿನಲ್ಲಿ ಕರಗಿಹೋಗುತ್ತವೆ. ನೆಲ ಹಸಿದಿದ್ದರೆ ಮಾತ್ರ ಕಾಣುತ್ತವೆ. ಕಾಲೇಜಿನಲ್ಲಿ ಅವನು ಮೊದಲು ಕಲಿತ ಪಾಠಗಳಲ್ಲಿ ಅದೂ ಒಂದು. ಆದರೆ ಹದಿನೇಳಕ್ಕೆ ಏಪ್ರಿಲ್‌ನಿಂದ ಒಂದು ಹಸುವೂ ಕಾಲಿಟ್ಟಿರಲಿಲ್ಲ. ಗೇಟಿಗೆ ತಂತಿ ಸುತ್ತಿದವನು ಅವನೇ. ಏಪ್ರಿಲ್‌ನಲ್ಲಿ ಬಿದ್ದ ಗಂಜಲದ ಸಾರವೆಲ್ಲ ಚಳಿಗಾಲದ ಮಳೆಯಲ್ಲಿ ಬೇರಿಗೂ ಕೆಳಗೆ ಇಳಿದು, ಕಲ್ಲುಗಳ ಸಂದಿಯಲ್ಲಿ ಹರಿದು, ಈ ಹೊತ್ತಿಗೆ ಕೊರಕಲಿನ ನೀರು ಸೇರಿರಬೇಕು. ಈಗ ಸೆಪ್ಟೆಂಬರ್, ಭೂಮಿಯ ಈ ದಕ್ಷಿಣದ ತುದಿಯಲ್ಲಿ ಚಳಿಗಾಲ ಕಳೆದು ವಸಂತ ಶುರುವಾಗುವ ತಿಂಗಳು. ಬಿಲ್ಲೆಗಳು ಮಾಸಬೇಕಾಗಿತ್ತು. ಜುಲೈನಲ್ಲಿ ಮಾಸಲಿಲ್ಲ, ಹೊಸದಾಗಿ ಎದ್ದವು. ಆಗಸ್ಟ್ ಕೊನೆಗೆ ಇನ್ನಷ್ಟು. ಏಪ್ರಿಲ್‌ನಲ್ಲಿ ಆ ಹೊಲದಲ್ಲಿ ಸತ್ತ ಹನ್ನೊಂದು ಹಸು ದಿನವೂ ಅಲ್ಲಿ ಮೇಯುತ್ತಿವೆ, ಮೇಯ್ದು ನಿಂತಲ್ಲೇ ಹೊಯ್ಯುತ್ತಿವೆ, ಅದರ ಗುರುತು ಮಾತ್ರ ತನ್ನ ಕಣ್ಣಿಗೆ ಬೀಳುತ್ತಿದೆ ಎಂಬ ಯೋಚನೆ ಮೊದಲ ಸಲ ಬಂದಾಗ ಅವನು ನಕ್ಕಿದ್ದ. ಈಗ ನಗುವುದನ್ನು ಬಿಟ್ಟಿದ್ದ.

ಹಾಲಿನ ಲಾರಿ ಬಂದು ನಿಂತಿತ್ತು. ಅದರ ಹಿಂದೆಯೇ ಇಸ್ಬೆಲ್ ಟ್ರೆವೆನಾಳ ಪುಟ್ಟ ಕೆಂಪು ಕಾರು. ನೆಲ ಅವಳದು, ಹಸುಗಳು ಬೆವನ್ ಮತ್ತು ಅವನ ಹೆಂಡತಿ ಮಿಹಿಯವು, ಹಾಲು ಅರ್ಧಕ್ಕರ್ಧ. ದೊಡ್ಡ ಮನೆಯನ್ನು ಪಾಲುಗಾರರಿಗೆ ಬಿಟ್ಟು ಅವಳು ರಸ್ತೆಯ ಬದಿಯಲ್ಲಿ ಕಟ್ಟಿಸಿಕೊಂಡ ಮನೆಗೆ ಒಂದೇ ಒಂದು ದೊಡ್ಡ ಕಿಟಕಿ, ಅದು ಹದಿನೇಳಕ್ಕೆ ನೇರ. ಅವಳ ಗಂಡ ಈ ಜಮೀನಿನಲ್ಲಿ ಮೊಟ್ಟಮೊದಲು ಪೊದೆ ಕಡಿದು ಹುಲ್ಲು ಬಿತ್ತಿದ್ದು ಅಲ್ಲಿಯೇ. ಕಾರಿನಿಂದ ಇಳಿದವಳು ರಬ್ಬರ್ ಬೂಟು ಸದ್ದು ಮಾಡುತ್ತ ಬಂದು, ಹಾಲಿನ ತೊಟ್ಟಿಗೆ ಕೊಳವೆ ಸಿಕ್ಕಿಸುತ್ತಿದ್ದ ಲಾರಿಯವನ ಎದುರಿಗೇ ಶುರು ಮಾಡಿದಳು.

"ಬೆವನ್, ನನ್ನ ಹೊಲಕ್ಕೆ ಸಿಡುಬು ಎದ್ದಿದೆ ಕಣಪ್ಪ."

"ನೋಡಿದೆ."

"ನೋಡಿದ್ಯಂತೆ. ನೋಡೋ ಕೆಲಸಕ್ಕೆ ನಾನೇ ಇದೀನಲ್ಲ. ಕಣ್ಣಿನ ಪೊರೆ ಬೇರೆ ತೆಗೆಸಿಕೊಂಡು ಬಂದಿದೀನಿ, ಈಗ ಕಿಟಕಿ ಹತ್ರ ಕೂತ್ರೆ ನಿನ್ನ ಗಡ್ಡದ ಬಿಳಿಕೂದಲು ಕಾಣುತ್ತೆ. ಯೂರಿಯಾ ಯಾವಾಗ?"

"ಮಣ್ಣು ಇನ್ನೂ ತಣ್ಣಗಿದೆ. ಆರು ಡಿಗ್ರಿ ಹತ್ರ ಇದೆ. ಬೇರು ಎಳ್ಕೊಳಲ್ಲ, ಸುಮ್ನೆ ದಂಡ."

"ಒಂಬತ್ತಿದೆ. ಬೆಳಿಗ್ಗೆ ಬೇಲಿ ಸಂದಿಯಿಂದ ಕೈ ತೂರಿಸಿ ನಾನೇ ಚುಚ್ಚಿ ನೋಡಿದೆ. ಕುರಿಮಾಂಸಕ್ಕೆ ಚುಚ್ಚೋ ಥರ್ಮಾಮೀಟರು, ಸುಳ್ಳು ಹೇಳಲ್ಲ ಅದು."

ಲಾರಿಯವನು ಹಾಲಿನ ಮಾದರಿ ತೆಗೆಯುವ ಸೌಟಿನೊಳಗೆ ಏನೋ ಬಿದ್ದಿದೆ ಎಂಬಂತೆ ತಲೆ ಬಗ್ಗಿಸಿದ. ಅವನ ಭುಜ ಅಲುಗುತ್ತಿತ್ತು. ಬೆವನ್‌ನ ಕಿವಿ ಬಿಸಿಯಾಯಿತು. ಮಣ್ಣಿನ ಶಾಖದ ವಿಷಯದಲ್ಲಿ ತಾನು ಸುಳ್ಳು ಹೇಳಿ ಸಿಕ್ಕಿಬಿದ್ದೆನಲ್ಲ, ತಾನು. ಸುತ್ತಲ ಹತ್ತು ಜಮೀನಿನವರು ತಿಂಗಳಿಗೊಮ್ಮೆ ಸೇರುತ್ತಿದ್ದ ಗುಂಪಿನಲ್ಲಿ ಎಲ್ಲರೂ ಅವನನ್ನು ಪ್ರೊಫೆಸರ್ ಅಂತಲೇ ಕರೆಯುತ್ತಿದ್ದರು, ಸ್ವಲ್ಪ ಗೇಲಿಯಿಂದ, ಸ್ವಲ್ಪ ಅಲ್ಲದೆ. ಹಸು ಮೇಯ್ದುಹೋದ ಮೇಲೆ ಹುಲ್ಲು ಹೊಸ ಎಲೆ ಬಿಡುವತನಕ ತಡೆದು, ಆಮೇಲೆ ಹಾಕಿ. ಒಟ್ಟಿಗೆ ಸುರಿಯಬೇಡಿ, ಹಸುವಿನ ಹಿಂದೆ ಹಿಂದೆಯೇ ಸ್ವಲ್ಪ ಸ್ವಲ್ಪ ಹೋಗಿ. ಜೋರುಮಳೆಗೆ ಮುಂಚೆ ಬೇಡ, ತುಂತುರಿಗೆ ಮುಂಚೆ ಒಳ್ಳೆಯದು. ಪ್ರತಿ ಹೊಲದಲ್ಲೂ ಒಂದು ಪಟ್ಟೆ ಯೂರಿಯಾ ಬೀಳದ ಹಾಗೆ ಬಿಡಿ, ಇಲ್ಲದಿದ್ದರೆ ನೀವು ಹಾಕಿದ್ದು ಏನು ಮಾಡಿತು, ದೇವರು ಕೊಟ್ಟದ್ದು ಏನು ಮಾಡಿತು ಅನ್ನುವುದು ಹೇಗೆ ತಿಳಿಯಬೇಕು. ಅವನು ಹೇಳುತ್ತಿದ್ದ, ಅವರು ಕೇಳುತ್ತಿದ್ದರು. ಮಿಹಿ ಚಹಾದ ಜೊತೆ ಕೊಡುತ್ತಿದ್ದ ಮಾಂಸದ ಕಡುಬಿಗಾಗಿ ಬರುವವರೂ ಕೇಳುತ್ತಿದ್ದರು.

"ಇವತ್ತು ಸಂಜೆ ತುಂತುರು ಅಂತ ಹೇಳಿದಾರೆ," ಅಂದಳು ಇಸ್ಬೆಲ್. ದನಿ ತಗ್ಗಿತ್ತು. "ಅಷ್ಟರೊಳಗೆ ಹದಿನೇಳಕ್ಕೆ ಬಿದ್ದಿರ್ಬೇಕು. ಬಿದ್ದಿಲ್ಲ ಅಂದ್ರೆ ಜೂನ್ ಒಂದಕ್ಕೆ ನೀವಿಬ್ರೂ ಬೇರೆ ಕಡೆ ನೋಡ್ಕೊಳ್ಳಿ. ಕೋಪದಲ್ಲಿ ಹೇಳ್ತಿಲ್ಲ, ತಿಳೀತಾ? ಕೋಪದಲ್ಲಿ ಹೇಳೋದಾಗಿದ್ರೆ ಏಪ್ರಿಲ್‌ನಲ್ಲೇ ಹೇಳ್ತಿದ್ದೆ. ಹಸು ನಿನ್ನವು, ಸತ್ತಿದ್ದೂ ನಿನ್ನವೇ, ನಾನು ಬಾಯಿ ತೆಗೀಲಿಲ್ಲ. ಆದ್ರೆ ನೆಲ ನಂದು. ಅದನ್ನ ಉಪವಾಸ ಕೆಡವೋಕೆ ನಿನಗೆ ಬಿಡಲ್ಲ."

ಜೂನ್ ಒಂದು ಅಂದರೆ ಪಾಲುಗಾರರೆಲ್ಲ ಹಸು, ನಾಯಿ, ಮಂಚ, ಪಾತ್ರೆ ಕಟ್ಟಿಕೊಂಡು ರಸ್ತೆಗಿಳಿಯುವ ದಿನ. ಆ ದಿನ ಈ ಸೀಮೆಯ ರಸ್ತೆಗಳೆಲ್ಲ ಸಗಣಿಯ ರಸ್ತೆಗಳು. ಬೆವನ್‌ನ ಅಪ್ಪ ಹಾಗೆ ಒಂಬತ್ತು ಸಲ ಹೊರಟವನು. ಲಾರಿಯ ಹಿಂದೆ ಹಾಸಿಗೆಯ ಮೇಲೆ ಕೂತು, ಬಿಟ್ಟುಬಂದ ಮನೆಯ ಕಿಟಕಿಯಲ್ಲಿ ಆಗಲೇ ಬೇರೆ ಯಾರದೋ ಪರದೆ ತೂಗುತ್ತಿರುವುದನ್ನು ಬೆವನ್ ನೋಡಿದ್ದ. ಅಂಥ ಕಿಟಕಿ ಇನ್ನೊಂದನ್ನು ನೋಡಲಾರೆ ಎಂದು ಮಿಹಿಗೆ ಮದುವೆಗೆ ಮೊದಲೇ ಹೇಳಿದ್ದ. ಇಸ್ಬೆಲ್ ಹೋದಳು. ಲಾರಿಯವನು ಹೋಗುವಾಗ, "ಕುರಿಮಾಂಸದ ಥರ್ಮಾಮೀಟರು!" ಎಂದು ತನಗೇ ಹೇಳಿಕೊಂಡು ಬಾಗಿಲು ಹಾಕಿಕೊಂಡ.

ಕರುಗಳ ಕೊಟ್ಟಿಗೆಯಲ್ಲಿ ಮಿಹಿ ಒಂದು ಮೊಂಡು ಕರುವಿನ ಬಾಯಿಗೆ ಬೆರಳು ಕೊಟ್ಟು ಹಾಲಿನ ಬಕೆಟ್ಟಿನ ರಬ್ಬರ್ ಮೊಲೆಗೆ ತಿರುಗಿಸುತ್ತಿದ್ದಳು. ದಪ್ಪ ಜಡೆಯನ್ನು ಅಂಗಿಯ ಕಾಲರಿನೊಳಗೆ ಸಿಕ್ಕಿಸಿಕೊಂಡಿದ್ದಳು.

"ಏನಂತೆ ಮಹಾರಾಣಿ?"

"ಸಂಜೆಯೊಳಗೆ ಹದಿನೇಳಕ್ಕೆ ಹಾಕ್ಬೇಕಂತೆ. ಇಲ್ಲಾಂದ್ರೆ ಜೂನ್ ಒಂದು."

ಮಿಹಿ ತಲೆ ಎತ್ತಲಿಲ್ಲ. "ಹಾಕು ಮತ್ತೆ."

"ಹಾಕ್ತೀನಿ."

"ನಾನು ಹಾಕ್ಲಾ? ಟ್ರ್ಯಾಕ್ಟರ್‌ಗೆ ಗಂಡಸು ಹೆಂಗಸು ಗೊತ್ತಾಗಲ್ಲ."

"ಬೇಡ. ಅಲ್ಲಿಗೆ ನೀನು ಹೋಗ್ಬೇಡ."

ಅವಳು ಕರುವಿನ ಬಾಯಿಂದ ಬೆರಳು ಬಿಡಿಸಿಕೊಂಡು ಅವನನ್ನು ನೋಡಿದಳು. ಏನೋ ಹೇಳಲು ಬಂದದ್ದು ತುಟಿಯವರೆಗೆ ಬಂದು ನಿಂತ ಹಾಗೆ ಕಾಣಿಸಿತು. ಆಮೇಲೆ, "ಆಯ್ತು, ಆ ಹೊಲ ನಿನ್ನ ಚರ್ಚು, ನಿನಗೇ ಇರ್ಲಿ," ಅಂದು ಬಕೆಟ್ ಎತ್ತಿಕೊಂಡಳು. ಈ ಚಳಿಗಾಲದುದ್ದಕ್ಕೂ ಅವಳು ಹೀಗೆಯೇ ಮಾತನ್ನು ನಡುವೆ ತುಂಡರಿಸುತ್ತಿದ್ದಳು. ಅವನಿಗೆ ಅದರಿಂದ ಒಂದು ರೀತಿಯ ಬಿಡುಗಡೆಯೇ ಆಗುತ್ತಿತ್ತು. ಗುರುವಾರ ಗುರುವಾರ ಹಾವೆರಾ ಪೇಟೆಗೆ ಹೋಗಿ, ಮನಸ್ಸು ಸೋತವರನ್ನು ಮಾತಾಡಿಸಲೆಂದೇ ಸಂಬಳ ಪಡೆಯುವ ಒಬ್ಬ ಸಭ್ಯ ಹೆಂಗಸಿನ ಎದುರು ಅವನು ಕೂರುತ್ತಿದ್ದ. ನಿನ್ನೆಯೂ ಕೂತಿದ್ದ. ಅವಳಿಗೂ ಬಿಲ್ಲೆಗಳ ವಿಷಯ ಹೇಳಿರಲಿಲ್ಲ. ನಿದ್ದೆ ಹೇಗಿದೆ ಎಂದರೆ ಪರವಾಗಿಲ್ಲ ಅನ್ನುತ್ತಿದ್ದ.

ಸಣ್ಣ ಟ್ರ್ಯಾಕ್ಟರಿಗೆ ಯೂರಿಯಾ ಎರಚುವ ಕೊಪ್ಪರಿಗೆ ಸಿಕ್ಕಿಸಿ, ಬಿಳಿಯ ಕಾಳು ತುಂಬಿಕೊಂಡು ಅವನು ಹೊರಟಾಗ ಮೋಡ ಇನ್ನೂ ಕೆಳಗಿಳಿದಿತ್ತು. ಹೊಲಗಳ ಹಿಂದೆ ಎದ್ದು ನಿಲ್ಲುವ ಪರ್ವತ ಕಾಣದೆ ವಾರವಾಗಿತ್ತು. ಏಪ್ರಿಲ್‌ನಲ್ಲೂ ಹೀಗೆಯೇ. ಬೇಸಿಗೆಯೆಲ್ಲ ಒಣಗಿ ಕಂದಿದ ನೆಲಕ್ಕೆ ಮಳೆ ಬಿದ್ದು, ಹುಲ್ಲು ಹುಚ್ಚೆದ್ದು ಚಿಗುರಿ, ಆಮೇಲೆ ದಿನಗಟ್ಟಲೆ ಬಿಸಿಲೇ ಇಲ್ಲ. ಹುಲ್ಲು ಬೇರಿನಿಂದ ನೈಟ್ರೇಟ್ ಎಳೆದುಕೊಳ್ಳುತ್ತಲೇ ಇರುತ್ತದೆ. ಅದನ್ನು ಅರಗಿಸಿ ಮೈಗೂಡಿಸಿಕೊಳ್ಳಲು ಬಿಸಿಲು ಬೇಕು. ಬಿಸಿಲಿಲ್ಲದಿದ್ದರೆ ಅದು ಎಲೆಯೊಳಗೆ ಹಾಗೇ ಉಳಿಯುತ್ತದೆ, ಹೇಳದೆ ಉಳಿಸಿಕೊಂಡ ಮಾತಿನ ಹಾಗೆ. ಹೊಟ್ಟೆ ತುಂಬಿದ ಹಸು ಅದನ್ನು ನಿಧಾನ ತಿಂದರೆ ಏನೂ ಆಗುವುದಿಲ್ಲ. ಹಸಿದ ಹಸು ಗಬಗಬ ತಿಂದರೆ ರಕ್ತ ಉಸಿರು ಹೊರುವುದನ್ನು ಮರೆಯುತ್ತದೆ. ಇದೆಲ್ಲ ಅವನಿಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ್ದರೆ ಈಗ ಟ್ರ್ಯಾಕ್ಟರಿನ ಮೇಲೆ ಹೀಗೆ ಹಲ್ಲು ಕಚ್ಚಿ ಕೂರುತ್ತಿರಲಿಲ್ಲ. ಮಿಹಿ ಆ ಬೆಳಿಗ್ಗೆ ಒಣಹುಲ್ಲಿನ ಉರುಳೆ ಬಿಚ್ಚಲು ಚಾಕು ತೆಗೆದಿದ್ದಳು. ಮೊದಲು ಇದನ್ನ ತಿನ್ಲಿ, ಆಮೇಲೆ ಬಿಡೋಣ. ಅವನು ಬೇಡ ಅಂದಿದ್ದ. ಹತ್ತು ಗಂಟೆಗೆ ಗುಂಪು ಬರುವುದಿತ್ತು. ಒಣಹುಲ್ಲು ತಿಂದ ಹಸು ಹೊಲದಲ್ಲಿ ಮಲಗಿ ಮೆಲುಕು ಹಾಕುತ್ತದೆ. ಅವನಿಗೆ ಬೇಕಾಗಿದ್ದದ್ದು ಸಾಲಾಗಿ ತಲೆ ತಗ್ಗಿಸಿ, ಕತ್ತರಿ ಹಾಕಿದಂತೆ ಹುಲ್ಲನ್ನು ಸಮನಾಗಿ ಕತ್ತರಿಸುತ್ತ ಮುಂದೆ ಸಾಗುವ ಹಸುಗಳು. ನೋಡಿ, ಕಡಿಮೆ ಯೂರಿಯಾದಲ್ಲಿ ಎಂಥ ಹುಲ್ಲು, ನೋಡಿ. ಅವರು ನೋಡಿದರು. ಹತ್ತು ಮಂದಿ ಗೇಟಿನ ಬಳಿ ಕೈಯಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದಾಗ, ಯಾವಾಗಲೂ ಎಲ್ಲಕ್ಕಿಂತ ಮುಂದೆ ಗೇಟು ದಾಟುವ ಪರ್ಲ್ ಎಂಬ ಹಸು ನೀರಿನ ತೊಟ್ಟಿಯ ಬಳಿ ಕುಡಿದವಳಂತೆ ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟಿತು. ಯಾರೋ ನಕ್ಕರು. "ಪ್ರೊಫೆಸರೇ, ನಿಮ್ಮ ಹುಲ್ಲಿಗೆ ಏರಿಸೋ ಗುಣ ಇದೆ." ಆಮೇಲೆ ಹಸುಗಳು ಒಂದೊಂದಾಗಿ ಬೀಳತೊಡಗಿದವು, ಯಾರೂ ನಗಲಿಲ್ಲ. ದನದ ಡಾಕ್ಟರು ಬಂದು ತುಟಿ ಮಡಿಸಿ ತೋರಿಸಿದ ಒಸಡು ಕೆಸರಿನ ಬಣ್ಣ. ಸೂಜಿ ಚುಚ್ಚಿದಾಗ ಬಂದ ರಕ್ತವೂ ಕಂದು. ನೀಲಿ ಔಷಧ ಸಿಕ್ಕಿ ಬದುಕಿದವು ಮಾರನೆಯ ದಿನ ಅಂಗಳದಲ್ಲಿ ನೀಲಿ ಗಂಜಲ ಹೊಯ್ದವು. ಅದು ಸಿಮೆಂಟಿನ ಮೇಲೆ ಹರಿಯುವುದನ್ನು ಅವನು ಕೊಳವೆ ಹಿಡಿದು ನೋಡುತ್ತ ನಿಂತಿದ್ದ. ಗುಂಪಿನವರು ಹೋಗುವಾಗ ಒಬ್ಬೊಬ್ಬರೇ ಬಂದು ಭುಜ ತಟ್ಟಿದ್ದರು. ಹತ್ತು ಸಲ. ಯಾರಾದರೂ ಒಬ್ಬ ಬೈದಿದ್ದರೆ ಆಗುತ್ತಿತ್ತು. ಮಿಹಿಯೂ ಬೈಯಲಿಲ್ಲ, ಚಾಕುವನ್ನು ಮಡಿಸಿ ಜೇಬಿಗೆ ಹಾಕಿಕೊಂಡಳು, ಅಷ್ಟೇ. ಕೆಲವು ದಿನದ ಮೇಲೆ ಅವಳ ಸೋದರಮಾವನನ್ನು ಕರೆಸಿ ಹೊಲದಲ್ಲಿ ಕರಕಿಯಾ, ಅಂದರೆ ಅವಳ ಹಿರಿಯರ ಪ್ರಾರ್ಥನೆ, ಹೇಳಿಸೋಣ, ಸಾವು ಮುಟ್ಟಿದ ನೆಲವನ್ನು ಹಾಗೆ ಬಿಡಬಾರದು ಅಂದಾಗ, ಇಸ್ಬೆಲ್ ಕಿಟಕಿಯಿಂದ ನೋಡ್ತಾಳೆ, ಬೇಡ ಅಂದುಬಿಟ್ಟಿದ್ದ.

ಗೇಟಿನ ಬಳಿ ಟ್ರ್ಯಾಕ್ಟರ್ ನಿಲ್ಲಿಸಿದ. ಅವನು ಸುತ್ತಿದ ತಂತಿ ಹಾಗೆಯೇ ಇತ್ತು, ಎಡಗೈಯವನ ಸುತ್ತು, ಮೇಲೆ ತುಕ್ಕು. ಯಾರೂ ಮುಟ್ಟಿಲ್ಲ. ಹಾಗಾದರೆ ಬಂದವು ಅವೇ. ಹತ್ತಿರದಿಂದ ಬಿಲ್ಲೆಗಳು ದೂರದಿಂದ ಕಂಡದ್ದಕ್ಕಿಂತ ದಟ್ಟವಾಗಿದ್ದವು, ಹುಲ್ಲು ಒಂದಕ್ಕೊಂದು ಒರಗಿಕೊಂಡು, ಒಳಗೆ ಕತ್ತಲೆಯಿಟ್ಟುಕೊಂಡು. ವಾರವಾರ ಉಳಿದ ಹೊಲಗಳಲ್ಲೆಲ್ಲ ತಟ್ಟೆಕೋಲು ಊರುತ್ತ ಹುಲ್ಲಿನ ಎತ್ತರ ಅಳೆದು ನಡೆಯುವಾಗ ಅವನು ಇದೊಂದರ ಮುಂದೆ ಮುಖ ತಿರುಗಿಸಿ ಹೋಗುತ್ತಿದ್ದ. ಒಂದು ವಿಚಿತ್ರವೆಂದರೆ, ಈ ಚಳಿಗಾಲದಲ್ಲಿ ಅವನ ಲೆಕ್ಕ ತಾಳೆಯಾಗಿರಲಿಲ್ಲ. ಹಸುಗಳು ತಿಂದಿರಬೇಕಾದಷ್ಟು ಹುಲ್ಲು ಉಳಿದ ಹೊಲಗಳಲ್ಲಿ ಖರ್ಚಾಗಿರಲಿಲ್ಲ, ಎಲ್ಲೋ ಸ್ವಲ್ಪ ಮಿಗುತ್ತಿತ್ತು. ತಟ್ಟೆ ಸಡಿಲವಾಗಿದೆ ಅಂದುಕೊಂಡು ಎರಡು ಸಲ ಬಿಚ್ಚಿ ಜೋಡಿಸಿದ್ದ. ಸತ್ತವು ಇಲ್ಲಿ ತಿನ್ನುತ್ತಿದ್ದರೆ ಬದುಕಿದವಕ್ಕೆ ಅಷ್ಟು ಮಿಗುವುದು ಸರಿಯೇ, ಎಂದು ಒಂದು ಕ್ಷಣ ಯೋಚಿಸಿದ. ಯೋಚಿಸಿದ್ದಕ್ಕೆ ನಾಚಿಕೆಯಾಯಿತು. ತಂತಿ ಬಿಚ್ಚಲು ಕೈ ಹೋಗಲಿಲ್ಲ. ಯೂರಿಯಾ ಬಿದ್ದರೆ ಮೂರು ವಾರದಲ್ಲಿ ಹೊಲವೆಲ್ಲ ಒಂದೇ ಬಣ್ಣ. ಆಮೇಲೆ ಅವು ಎಲ್ಲಿ ನಿಂತಿದ್ದವು, ಎಲ್ಲಿ ಬಿದ್ದವು ಎಂದು ಯಾರಿಗೆ ಗೊತ್ತಾಗಬೇಕು. ತನ್ನ ಕೈಯಿಂದಲೇ ಕೊಂದದ್ದು. ತನ್ನ ಕೈಯಿಂದಲೇ ಒರೆಸಿಹಾಕುವುದು. ಗೇಟು ತೆರೆಯದೆ, ಕಳ್ಳನ ಹಾಗೆ ಅದರ ಮೇಲೆ ಹತ್ತಿ ಆಚೆ ಇಳಿದ. ನೀರಿನ ತೊಟ್ಟಿಯ ಕಡೆ ನಾಲ್ಕು ಹೆಜ್ಜೆ ಇಟ್ಟಿರಬೇಕು, ಕಾಲು ಜಾರಿತು.

ಬೂಟಿನ ಕೆಳಗೆ ಸಗಣಿ. ಮೇಲೆ ತೆಳ್ಳಗೆ ಕೆನೆಗಟ್ಟಿ, ಒಳಗೆ ಇನ್ನೂ ಮೆತ್ತಗಿತ್ತು. ನಿನ್ನೆಯದು. ಅವನು ಬಗ್ಗಿ ಬೆರಳು ಊರಿ ನೋಡಿದ, ಮೂಸಿದ. ಹೊಸ ಹುಲ್ಲಿನ ಹುಳಿವಾಸನೆ. ಸುತ್ತ ನೋಡಿದರೆ ಮೇಯ್ದ ಹುಲ್ಲು, ತುದಿ ಹರಿದ ಹುಲ್ಲು, ಅದರ ನಡುವೆ ಗೊರಸಿನ ಹಳ್ಳಗಳು. ದೆವ್ವ ಮೇಯುವುದನ್ನು ಅವನು ಒಪ್ಪಿಕೊಂಡಿದ್ದ. ಸಗಣಿ ಹಾಕುವುದನ್ನು ಒಪ್ಪಲು ಆಗಲಿಲ್ಲ. ಹಿಂದೆ ಗಾಡಿಯ ಸದ್ದು ಕೇಳಿಸಿತು. ಮಿಹಿ ತನ್ನ ನಾಲ್ಕುಗಾಲಿಯ ಬೈಕನ್ನು ಗೇಟಿನ ಹೊರಗೆ ನಿಲ್ಲಿಸಿ, ಇಳಿಯದೆ, ಹ್ಯಾಂಡಲಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಳು.

"ನಾನೇ," ಅಂದಳು.

ಅವನು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

"ನಿನ್ನೆ ನೀನು ಪೇಟೆಗೆ ಹೋದಾಗ ಹಸುಗಳನ್ನ ಇಲ್ಲಿ ಬಿಟ್ಟೆ. ಆಗಸ್ಟ್‌ನಲ್ಲಿ ಒಂದ್ಸಲ. ಮೊದಲು ಜೂನ್‌ನಲ್ಲಿ. ಮೂರೂ ಗುರುವಾರ."

"ಗೇಟು…"

"ಗೇಟು ಮುಟ್ಟಿಲ್ಲ. ಕೊರಕಲ ಕಡೆ ಕರೆಂಟಿನ ತಂತಿಯನ್ನ ಕೋಲಿನ ಮೇಲೆ ಎತ್ತಿ ನಿಲ್ಲಿಸಿದೆ, ಕೆಳಗೆ ತೂರಿ ಬಂದ್ವು. ಸಂಜೆ ಹಾಗೇ ಹೊರಗೆ ಹೊಡೆದೆ. ಹನ್ನೆರಡನೇ ಹೊಲದಲ್ಲಿದ್ವು ಅಂತ ನಿನಗೆ ಹೇಳ್ತಿದ್ದೆ. ನೀನು ಸುಮ್ನೆ ತಟ್ಟೆಕೋಲು ರಿಪೇರಿ ಮಾಡ್ತಿದ್ದೆ, ಪಾಪ."

"ಇಸ್ಬೆಲ್‌ಗೆ ಗೊತ್ತಾ?"

"ಮೊದಲ ದಿನವೇ ಕಿಟಕಿಯಿಂದ ನೋಡಿದಳು. ಸಂಜೆ ಒಂದು ಕೇಕ್ ಕಳಿಸಿದಳು. ಏನೂ ಕೇಳಲಿಲ್ಲ. ಮಾವನ್ನೂ ಕರೆದಿದ್ದೆ ಅವತ್ತು. ಕರಕಿಯಾ ಹೇಳಿ, ನೀರು ಚಿಮುಕಿಸಿ, ಇನ್ನು ಇದು ಬರೀ ಹುಲ್ಲು ಕಣಮ್ಮ, ತಿನ್ನಿಸು ಅಂದ. ಅಲ್ಲೇ ಬೇಲಿ ಪಕ್ಕ ನಿಂತು ಒಂದು ಬ್ರೆಡ್ಡೂ ತಿಂದ, ಮೈಲಿಗೆ ಕಳೀತು ಅನ್ನೋದು ನೆಲಕ್ಕೆ ಗೊತ್ತಾಗ್ಲಿ ಅಂತ."

"ನನಗೆ ಹೇಳ್ಬಹುದಿತ್ತು."

"ಹೇಳಿದ್ರೆ ಬೇಡ ಅಂತಿದ್ದೆ. ನೀನು ಬೇಡ ಅಂದಮೇಲೆ ಒಂದ್ಸಲ ಸುಮ್ನಿದ್ದೆನಲ್ಲ." ಅವಳ ಕೈ ತಾನಾಗಿ ಜೇಬಿನ ಮೇಲೆ, ಮಡಿಸಿದ ಚಾಕು ಇರುವ ಕಡೆ, ಹೋಗಿತ್ತು. "ಹೊಟ್ಟೆ ತುಂಬ ಒಣಹುಲ್ಲು ತಿನ್ನಿಸಿ ಬಿಟ್ಟೆ. ನೀಲಿ ಹೊಯ್ದವಲ್ಲ, ಅವನ್ನೇ ಮುಂದೆ ಬಿಟ್ಟೆ. ಒಂದೊಂದರ ತುಟಿ ಎತ್ತಿ ನೋಡ್ತಾ ಸಂಜೆವರೆಗೆ ಇಲ್ಲೇ ನಿಂತಿದ್ದೆ. ಎಲ್ಲದರ ಒಸಡೂ ಕೆಂಪಗಿತ್ತು ಬೆವನ್."

ಸಮಾಧಾನವಾಗಬೇಕಾಗಿತ್ತು. ಬಿಲ್ಲೆಗಳು ಬದುಕಿದವುಗಳವು, ಈಗ ಹಟ್ಟಿಯ ಬಳಿ ನಿಂತು ಮೆಲುಕು ಹಾಕುತ್ತಿರುವ, ನಾಳೆಯೂ ಹಾಲು ಕೊಡುವ ಹಸುಗಳವು. ಆದರೆ ಅವನಿಗೆ ಅನಿಸಿದ್ದು ಬೇರೆ: ಚಳಿಗಾಲವೆಲ್ಲ ತಾನು ಕಣ್ಣಲ್ಲೇ ಕಾಯುತ್ತಿದ್ದ ಹನ್ನೊಂದು ಹಸು ಈ ಕ್ಷಣದಲ್ಲಿ, ಈ ಮಾತಿನಲ್ಲಿ, ಎರಡನೆಯ ಸಲ ಸತ್ತವು. ಮೊದಲ ಸಲ ಗದ್ದಲವಿತ್ತು, ಡಾಕ್ಟರಿದ್ದರು, ಭುಜ ತಟ್ಟುವವರಿದ್ದರು. ಈ ಸಲ ಬರೀ ಒಂದು ಹೊಲ, ಸ್ವಲ್ಪ ಗಾಳಿ. ತೊಟ್ಟಿಯ ಬಳಿ ಪರ್ಲ್ ಬಿದ್ದ ಜಾಗವನ್ನು ಹುಡುಕಿದ. ಅಲ್ಲಿ ಬಿಲ್ಲೆ ಇರಲಿಲ್ಲ. ಬಿಳಿಚಿದ ಹುಲ್ಲು, ಎಲ್ಲ ಕಡೆಯಂತೆ.

"ಗೇಟು ತೆಗಿ," ಅಂದ.

ಮಿಹಿ ಬೈಕಿನಿಂದ ಇಳಿದಳು. ತಂತಿಯ ಎಡಸುತ್ತು ಅವಳ ಬಲಗೈಗೆ ಬಗ್ಗಲಿಲ್ಲ. ಅವನೇ ಬಂದು ಬಿಚ್ಚಿದ. ಟ್ರ್ಯಾಕ್ಟರ್ ಒಳಗೆ ಬಂತು. ಕೊಪ್ಪರಿಗೆಯ ಕೆಳಗಿನ ತಟ್ಟೆ ಸುತ್ತತೊಡಗಿ, ಬಿಳಿಯ ಕಾಳು ಎರಡೂ ಬದಿಗೆ ಬೀಸಣಿಗೆಯಂತೆ ಹಾರಿ ಹುಲ್ಲಿನೊಳಗೆ ಸದ್ದಿಲ್ಲದೆ ಇಳಿದವು. ಬಿಲ್ಲೆಗಳ ಮೇಲೂ ಬಿದ್ದವು. ಅಲ್ಲಿ ಬಿದ್ದದ್ದು ದಂಡ, ಆಗಲೇ ಹೊಟ್ಟೆ ಬಿರಿಯ ಕುಡಿದ ಹುಲ್ಲು ಅದು, ಇದೆಲ್ಲ ಕೆಳಗಿಳಿದು ಕೊರಕಲ ನೀರಿಗೆ ಹೋಗುತ್ತದೆ, ಎಂದು ಅವನೊಳಗಿನ ಪ್ರೊಫೆಸರ್ ತಿಂಗಳುಗಳ ನಂತರ ಗೊಣಗಿದ. ಸನ್ನೆಕೋಲನ್ನು ಒಂದು ಹಲ್ಲು ಹಿಂದಕ್ಕೆ ಎಳೆದು ಕಾಳು ಕಡಿಮೆ ಮಾಡಿದ. ಹೊಲದ ಮೇಲ್ತುದಿಯಲ್ಲಿ ತಿರುಗಿ, ಒಂದು ಸಾಲು ಕೆಳಗೆ, ಒಂದು ಸಾಲು ಮೇಲೆ. ರಸ್ತೆಯ ಕಡೆಯ ದೊಡ್ಡ ಕಿಟಕಿಯಲ್ಲಿ ಏನೋ ಬೆಳ್ಳಗೆ ಅಲುಗಿತು, ಪರದೆಯೋ ತಲೆಯೋ. ನೀರಿನ ತೊಟ್ಟಿಯ ಸಾಲು ಬಂದಾಗ ಅವನ ಕೈ ಸನ್ನೆಕೋಲನ್ನು ಪೂರ್ತಿ ಹಿಂದಕ್ಕೆ ಎಳೆಯಿತು. ತಟ್ಟೆ ಬರಿದೇ ಸುತ್ತಿತು. ತೊಟ್ಟಿಯಿಂದ ಕೊರಕಲವರೆಗೆ, ಟ್ರ್ಯಾಕ್ಟರಿನ ಅಗಲಕ್ಕೆ, ಒಂದು ಕಾಳೂ ಬೀಳಲಿಲ್ಲ. ಆಚೆ ಹೋಗಿ ಮತ್ತೆ ತೆರೆದ.

ಮುಗಿಸಿ ಗೇಟಿಗೆ ಬಂದಾಗ ತುಂತುರು ಶುರುವಾಗಿತ್ತು. ಮಿಹಿ ಅಂಗಿಯ ಟೋಪಿಯನ್ನು ತಲೆಗೆ ಎಳೆದುಕೊಂಡು ನಿಂತಿದ್ದಳು. ಅವಳ ಕಣ್ಣು ತೊಟ್ಟಿಯ ಕಡೆ ಇತ್ತು.

"ಅಲ್ಲೊಂದು ಪಟ್ಟೆ ಬಿಟ್ಟೆ."

"ಹೂಂ."

"ಮೂರು ವಾರಕ್ಕೆ ಬೆಳ್ಳಗೆ ಎದ್ದು ಕಾಣುತ್ತೆ. ಮಹಾರಾಣಿ ಕಿಟಕಿ ಎದುರಿಗೇ. ಕೇಳ್ತಾಳೆ."

"ಕೇಳ್ಲಿ. ಪ್ರತಿ ಹೊಲದಲ್ಲೂ ಒಂದು ಬಿಡ್ಬೇಕು," ಅಂದ ಬೆವನ್. ಬಗ್ಗಿ ತಂತಿಯನ್ನು ಎತ್ತಿಕೊಂಡ, ಸುತ್ತಲಿಲ್ಲ, ಮಡಿಸಿ ಜೇಬಿಗೆ ಹಾಕಿಕೊಂಡ. "ಹೋಲಿಸಿ ನೋಡೋಕೆ."

ಮಿಹಿ ಗೇಟನ್ನು ಎಳೆದು ಬರಿಯ ಚಿಲಕ ಹಾಕಿದಳು.